ಖಾಲಿ ಜಾಗದಲ್ಲಿದ್ದ ರೆಂಜೆ ಮರ

ನಮ್ಮ ಪಾರ್ಕಿನ ಕಲ್ಲುಬೆಂಚು ಬೆಳಗ್ಗೆ ಹತ್ತು ಗಂಟೆಗೆಲ್ಲ ನೀರುದೋಸೆ ಹೊಯ್ಯುವಷ್ಟು ಕಾದಿರುತ್ತದೆ. ಇದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕಬೇಡಿ. ಮೂವತ್ತು ವರ್ಷ ಕಾವಲಿಯ ಮುಂದೆ ನಿಂತವಳಿಗೆ ಯಾವ ಕಲ್ಲು ಎಷ್ಟು ಕಾದಿದೆಯೆಂದು ತಿಳಿಯಲು ಒದ್ದೆ ಬೆರಳು ಸಾಕು. ನುಣುಪಾದ ಕಪ್ಪು ಗ್ರಾನೈಟಿನ ಆ ಬೆಂಚಿನ ಒರಗಿನ ಮೇಲೆ, ಅಂದರೆ ಸರಿಯಾಗಿ ಕುಳಿತವರ ಬೆನ್ನು ತಾಗುವಲ್ಲಿ, ಅದು ಯಾರ ವಿಶೇಷ ಮುತುವರ್ಜಿಯಿಂದ, ಯಾವ ಅನುದಾನದಡಿ, ಯಾರ ಘನ ಉಪಸ್ಥಿತಿಯಲ್ಲಿ ಲೋಕಾರ್ಪಣೆಗೊಂಡಿತೆಂಬುದನ್ನು ಕೆತ್ತಿ ಚಿನ್ನದ ಬಣ್ಣ ತುಂಬಿದ್ದಾರೆ. ಹೆಸರುಗಳು ಎಷ್ಟಿವೆಯೆಂದರೆ ಅವರೆಲ್ಲರೂ ಒಮ್ಮೆಲೇ ಬಂದರೆ ಕುಳಿತುಕೊಳ್ಳಲು ಬೆಂಚು ಸಾಲದು. ಆ ಆತಂಕಕ್ಕೆ ಕಾರಣವಿಲ್ಲ, ಅವರು ಬರುವುದಿಲ್ಲ. ಬಂದರೂ ಕುಳಿತುಕೊಳ್ಳಲಾರರು.

ಶಕ್ತಿನಗರದ ನಮ್ಮ ಬಡಾವಣೆಗೆ ನೀವು ಬಂದದ್ದಾದರೆ, ಏರು ಹತ್ತಿ ಏದುಸಿರು ಬಿಡುತ್ತ ಮೂಲೆ ತಿರುಗಿದೊಡನೆ ಈ ಪಾರ್ಕು ಕಣ್ಣಿಗೆ ಬೀಳುತ್ತದೆ. ಬೀಳದೆ ಇರಲು ಸಾಧ್ಯವಿಲ್ಲ, ಏಕೆಂದರೆ ಅದನ್ನು ಮರೆಮಾಡುವಂಥದ್ದು ಅಲ್ಲಿ ಏನೂ ಉಳಿದಿಲ್ಲ. ಹಸಿರು ಬಣ್ಣ ಬಳಿದ ಆವರಣಗೋಡೆ, ಕೆಂಪು ಹಳದಿಯ ಇಂಟರ್‌ಲಾಕು, ಸಿಮೆಂಟಿನ ಎರಡು ಅಣಬೆ, ಕಿರುಗುಟ್ಟುವ ಒಂದು ವ್ಯಾಯಾಮದ ಯಂತ್ರ, ಮತ್ತೆ ಚಾಪೆಯಂತೆ ಹಾಸಿದ ಪ್ಲಾಸ್ಟಿಕ್ ಹುಲ್ಲು. ಅದರ ಪಕ್ಕದಲ್ಲಿ 'ಹುಲ್ಲನ್ನು ತುಳಿಯಬೇಡಿ' ಎಂಬ ಫಲಕವೂ ಇದೆ. ನಾನು ಸುತ್ತು ಬಳಸಿಯೇ ಹೋಗುತ್ತೇನೆ. ಕಾನ್ವೆಂಟಿನಲ್ಲಿ ಕಲಿತವರಿಗೆ ಯಾವ ಫಲಕವನ್ನೂ ಮೀರುವ ಧೈರ್ಯ ಬರುವುದಿಲ್ಲ.

ಎರಡು ವರ್ಷಗಳ ಹಿಂದೆ ಇಲ್ಲಿ ಒಂದು ರೆಂಜೆ ಮರವಿತ್ತು. ಪುಸ್ತಕದ ಕನ್ನಡದಲ್ಲಿ ಬಕುಳ. ನಾವು ಕೊಂಕಣಿಯವರು ಓಂವಳ್ ಎನ್ನುತ್ತೇವೆ. ಹೆಸರು ಯಾವುದಾದರೂ ಸ್ವಭಾವ ಒಂದೇ: ಅದು ಕೀಳುವ ಹೂವಲ್ಲ, ಹೆಕ್ಕುವ ಹೂವು. ಕೊಂಬೆಗೆ ಕೈ ಚಾಚಬೇಕಾಗಿಲ್ಲ, ದೋಟಿ ಬೇಕಾಗಿಲ್ಲ, ಯಾರ ಶಿಫಾರಸೂ ಬೇಕಾಗಿಲ್ಲ. ತಾನಾಗಿ ಉದುರಿ ನೆಲದ ಮೇಲೆ ನಕ್ಷತ್ರಗಳಂತೆ ಬಿದ್ದಿರುತ್ತದೆ. ಬಗ್ಗಲು ತಯಾರಿದ್ದವರಿಗೆ ಸಿಗುತ್ತದೆ. ಇಷ್ಟು ನಿಷ್ಪಕ್ಷಪಾತವಾದ ಹಂಚಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಗ್ಗಲು ತಯಾರಿದ್ದವರು ಕಮಲಕ್ಕ. ಕೆಳಗಿನ ಓಣಿಯ ಹಂಚಿನ ಮನೆಯಲ್ಲಿ ಒಬ್ಬರೇ ಇರುವ, ಅರುವತ್ತು ದಾಟಿದ ಹೆಂಗಸು. ಬೆಳಕು ಹರಿಯುವ ಹೊತ್ತಿಗೆ ಮರದಡಿ ಕುಕ್ಕರುಗಾಲಲ್ಲಿ ಕುಳಿತು ಹೂ ಹೆಕ್ಕಿ, ಬಾಳೆನಾರಿನಲ್ಲಿ ಪೋಣಿಸಿ, ಬೋಳಾರದ ದೇವಸ್ಥಾನದ ಬಳಿಯ ಹೂವಿನಂಗಡಿಗೆ ಕೊಟ್ಟು ಬರುತ್ತಿದ್ದರು. ಶುಕ್ರವಾರ ಒಂದು ಸರ ನಮ್ಮ ಮನೆಗೆ. "ಬಾಯಿ, ನಿಮ್ಮ ಮಾತೆಗೆ," ಎಂದು ಗೇಟಿನ ಕೊಕ್ಕೆಗೆ ಸಿಕ್ಕಿಸಿ ಹೋಗುತ್ತಿದ್ದರು. ತುಳುವರು ನಮ್ಮ ಕ್ರಿಸ್ತುವ ಹೆಂಗಸರನ್ನು ಬಾಯಿ ಎಂದು ಕರೆಯುವುದು ಇಲ್ಲಿಯ ಮರ್ಯಾದೆ. ಸಭೆಯಲ್ಲಿ ಬಾಯಿಯೇ ಇಲ್ಲದ ನನಗೆ ಅದು ಅನ್ವರ್ಥನಾಮವಲ್ಲವೆಂಬುದು ಬೇರೆ ಮಾತು. ಆ ಸರವನ್ನು ಮರಿಯಮ್ಮನವರ ಚಿತ್ರಕ್ಕೆ ಹಾಕುತ್ತಿದ್ದೆ. ರೆಂಜೆ ಒಣಗಿದರೂ ಪರಿಮಳ ಬಿಡುವುದಿಲ್ಲವಾದ್ದರಿಂದ ವಾರ ಕಳೆದ ಸರಗಳು ಸೀರೆಗಳ ನಡುವೆ ಸೇರುತ್ತಿದ್ದವು. ನಮ್ಮವರು ಮಸ್ಕತ್ತಿನಿಂದ ತಂದ ಅತ್ತರಿನ ಸೀಸೆಗಳೆಲ್ಲ ಹಾಗೆಯೇ ಮುಚ್ಚಿಕೊಂಡು ಕುಳಿತಿದ್ದವು.

ಹಾಗೆ ನೋಡಿದರೆ ನಾವು ಪಾರ್ಕು ಕೇಳಿಯೇ ಇರಲಿಲ್ಲ. ಕೇಳಿದ್ದು ತೋಡಿಗೆ, ಅಂದರೆ ಮಳೆನೀರು ಹರಿಯುವ ಕಾಲುವೆಗೆ, ಚಪ್ಪಡಿ. ಮಳೆ ಬಂತೆಂದರೆ ಮೇಲಿನ ರಸ್ತೆಯ ನೀರೆಲ್ಲ ಕೆಳಗಿನ ಓಣಿಗೆ ನುಗ್ಗಿ ಕಮಲಕ್ಕನ ಹೊಸ್ತಿಲು ದಾಟುತ್ತದೆ. ತೋಡಿಗೆ ಎರಡು ಬದಿ ಕಟ್ಟಿ ಮೇಲೆ ಚಪ್ಪಡಿ ಹಾಕಿಸಿಕೊಡಿ ಎಂದು ನಮ್ಮ ಬಡಾವಣೆಯ ಅಸೋಸಿಯೇಷನ್ ಮೂರು ಸಲ ಮನವಿ ಕೊಟ್ಟಿತ್ತು. ಮೂರನೆಯ ಸಲ ಒಬ್ಬ ತರುಣ ಇಂಜಿನಿಯರು ಬಂದರು. ಅಸೋಸಿಯೇಷನ್ನಿನ ಅಧ್ಯಕ್ಷರಾದ, ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟಿರುವ ಜಯರಾಮಣ್ಣನ ಮನೆಯ ಜಗಲಿಯಲ್ಲಿ ಗೋಳಿಬಜೆ ತಿನ್ನುತ್ತ ವಿನಯದಿಂದಲೇ ಹೇಳಿದರು: "ತೋಡಿಗೆ ಈಗ ಫಂಡ್ ಇಲ್ಲ ಸರ್. ಪಾರ್ಕಿಗೆ ಉಂಟು."

"ನಮಗೆ ಪಾರ್ಕ್ ಎಂತಕ್ಕೆ ಮಾರಾಯ್ರೆ?" ಎಂದರು ಜಯರಾಮಣ್ಣ. "ನೀರು ಬರುದು ಕಮಲಕ್ಕನ ಅಡುಗೆಕೋಣೆಗೆ."

"ಅದು ಗೊತ್ತುಂಟು ಸರ್. ಆದರೆ ಇದು ಗ್ರೀನ್ ಸ್ಪೇಸಿನ ಹೆಡ್ಡಿಗೆ ಬಂದ ದುಡ್ಡು. ಇದರಲ್ಲಿ ತೋಡು ಮಾಡ್ಲಿಕ್ಕೆ ಆಗುದಿಲ್ಲ. ನೀವು ಬೇಡ ಹೇಳಿದ್ರೆ ಪಕ್ಕದ ವಾರ್ಡಿನವರು ಕಾದು ಕೂತಿದ್ದಾರೆ."

ಸರಕಾರದ ಅನುದಾನದ ತತ್ತ್ವ ನನಗೆ ಅರ್ಥವಾದದ್ದು ಆ ದಿನ. ನಾವು ಗೃಹಿಣಿಯರು ಮೊದಲು ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತೇವೆ. ಯಾವುದು ಬರಿದಾಗಿದೆಯೋ ಅದನ್ನು ತರಿಸುತ್ತೇವೆ. ಅಲ್ಲಿ ಹಾಗಲ್ಲ. ಅಕ್ಕಿ ಮುಗಿದಿರುತ್ತದೆ, ಬಂದದ್ದು ಏಲಕ್ಕಿಯ ದುಡ್ಡಾಗಿರುತ್ತದೆ. ಆದ್ದರಿಂದ ಈ ಸಲ ಎಲ್ಲರೂ ಏಲಕ್ಕಿಯನ್ನೇ ಬೇಯಿಸಿ ಉಣ್ಣತಕ್ಕದ್ದು, ಅದೂ ಮಾರ್ಚ್ ಮುಗಿಯುವುದರೊಳಗೆ. ಕಾಟಿಪಳ್ಳದಲ್ಲಿರುವ ನನ್ನ ತಂಗಿಯ ಬೀದಿಯವರು ಬಸ್ಸು ಕಾಯುವಲ್ಲಿ ನೆರಳು ಬೇಕೆಂದು ಕೇಳಿದ್ದರಂತೆ. ಬಂದದ್ದು ಹೈಮಾಸ್ಟ್ ದೀಪ. ತೋಟ ಕೇಳಿದವರಿಗೆ ತೋಡು, ತೋಡು ಕೇಳಿದವರಿಗೆ ತೋಟ. ಎಲ್ಲೋ ಒಂದು ಮೇಜಿನ ಮೇಲೆ ನಮ್ಮ ನಮ್ಮ ಕೊರತೆಗಳು ಅದಲುಬದಲಾಗಿರಬೇಕೆಂದು ಮೊದಮೊದಲು ಭಾವಿಸಿದ್ದೆ. ಅದು ಸಂಭಾವಿತಳ ಭ್ರಮೆ. ಆ ಮೇಜಿನ ತನಕ ನಮ್ಮ ಕೊರತೆ ತಲುಪುವುದೇ ಇಲ್ಲ. ತಲುಪುವುದು ಅರ್ಜಿ ಮಾತ್ರ.

ಅರ್ಜಿ ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ಚೆನ್ನಾಗಿದೆ. ಆತ್ಮಪ್ರಶಂಸೆಯೆನ್ನಬೇಡಿ, ನನ್ನಲ್ಲಿ ಪ್ರಶಂಸೆಗೆ ಅರ್ಹವಾದದ್ದು ಅದೊಂದೇ. ಕಾನ್ವೆಂಟಿನಲ್ಲಿ ಸಿಸ್ಟರ್ ಬೆನಿಟಾ ಎಂಬವರು ನಾಲ್ಕು ಗೆರೆಯ ಪುಸ್ತಕದಲ್ಲಿ ನಮ್ಮ ಬೆರಳು ಹಿಡಿದು ತಿದ್ದಿಸುತ್ತಿದ್ದರು. ಅಕ್ಷರ ಚೆಂದವಿದ್ದವರಿಗೆ ಸುಳ್ಳು ಬರೆಯಲು ಮನಸ್ಸು ಬರುವುದಿಲ್ಲವೆಂದು ಅವರ ನಂಬಿಕೆ. ನನ್ನ ವಿಷಯದಲ್ಲಿ ಆ ನಂಬಿಕೆ ನಲವತ್ತು ವರ್ಷ ಬಾಳಿತು. ಜಯರಾಮಣ್ಣನ ಜಗಲಿಯಲ್ಲಿ, ಇಂಜಿನಿಯರು ಕೊಟ್ಟ ನಮೂನೆಯಲ್ಲಿ 'ಸ್ಥಳದ ಈಗಿನ ಸ್ಥಿತಿ' ಎಂಬ ಅಂಕಣಕ್ಕೆ ಬಂದಾಗ ನಾನು ಪ್ರಾಮಾಣಿಕವಾಗಿಯೇ 'ಒಂದು ದೊಡ್ಡ ರೆಂಜೆ ಮರ' ಎಂದು ಆರಂಭಿಸಲು ಹೊರಟಿದ್ದೆ.

"ಮರ ಬರೀಬೇಡಿ ಮೇಡಂ," ಎಂದರು ಇಂಜಿನಿಯರು. "ಮರ ಅಂತ ಬಂದ್ರೆ ಅದಕ್ಕೆ ಬೇರೆ ಪರ್ಮಿಷನ್, ಬೇರೆ ಇನ್‌ಸ್ಪೆಕ್ಷನ್. ಅದು ಬರುವಾಗ ಮಾರ್ಚ್ ಹೋಯ್ತು, ಫಂಡೂ ಹೋಯ್ತು. 'ಖಾಲಿ ಜಾಗ' ಅಂತ ಹಾಕಿ. ಮರಕ್ಕೆ ಯಾರೂ ಎಂತ ಮಾಡುದಿಲ್ಲ."

"ಅಷ್ಟೇ ಅಲ್ವಾ," ಎಂದರು ಜಯರಾಮಣ್ಣ. "ಬರೆಯಿರಿ ಬಾಯಿ. ಪಾರ್ಕಿನ ಜೊತೆಗೆ ಆ ತೋಡನ್ನೂ ಹೇಗಾದ್ರೂ ಸೇರಿಸುವ."

ಎಲ್ಲರೂ ನನ್ನ ಪೆನ್ನನ್ನು ನೋಡುತ್ತಿದ್ದರು. ನಾನು ಖಾಲಿ ಜಾಗ ಎಂದು ಬರೆದೆ. ದೀರ್ಘ ದೀರ್ಘವಾಗಿಯೇ ಇತ್ತು, ಗುಡಿಸು ದುಂಡಗೆ ಬಂದಿತ್ತು. ಹಸಿರು ತಾಣಗಳ ಅಭಿವೃದ್ಧಿಗೆಂದು ಮೀಸಲಾದ ಹಣ ಹಸಿರಿಲ್ಲದ ತಾಣಕ್ಕೆ ಮಾತ್ರ ಲಭ್ಯವೆಂಬ ವಿಚಿತ್ರ ನನಗೆ ಆಗ ಹೊಳೆಯಲಿಲ್ಲ. ನನ್ನ ಗಮನವೆಲ್ಲ ಅಂಕಣದ ಗೆರೆ ದಾಟದಂತೆ ಬರೆಯುವುದರಲ್ಲಿತ್ತು.

ಅರ್ಜಿ ಒಂದೇ ಏಟಿಗೆ ಮಂಜೂರಾಯಿತು. ಎಲ್ಲೋ ಕಚೇರಿಯಲ್ಲಿ ಕುಳಿತ ಯಾರೋ ನಮ್ಮ ಜಾಗವನ್ನು ಖಾಲಿ ಚೌಕವೆಂದು ತಿಳಿದು, ಅದರ ಮೇಲೆ ನಡೆಯುವ ಹಾದಿಯೊಂದನ್ನು ಸುಂದರವಾಗಿ ಬಾಗಿಸಿ ಬರೆದರು. ಬಾಗಿದ ಹಾದಿ ಸರಿಯಾಗಿ ರೆಂಜೆಯ ಬುಡದ ಮೇಲೆ ಬಂತು. ಅವರ ತಪ್ಪೆಂದು ಹೇಗೆ ಹೇಳಲಿ? ಮರ ಇರುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು.

ಮಾರ್ಚಿನ ಒಂದು ಬೆಳಗ್ಗೆ ಕಮಲಕ್ಕ ಗೇಟಿನ ಬಳಿ ನಿಂತು ಕೂಗಿದರು. ಕೈಯಲ್ಲಿ ಹೂವಿನ ಬುಟ್ಟಿ ಅರ್ಧ ತುಂಬಿತ್ತು. ಆ ವರ್ಷದ ಹೂ ಆಗಷ್ಟೇ ಶುರುವಾಗಿತ್ತು. "ಬಾಯಿ, ಬೇಗ ಬನ್ನಿ. ಗರಗಸ ತಕ್ಕೊಂಡು ಬಂದಿದ್ದಾರೆ. ನಾನು ಹೇಳಿದ್ರೆ ಅವರಿಗೆ ತಮಾಷೆ. ನೀವು ಬಂದು ನಿಮ್ಮ ಇಂಗ್ಲಿಷಿನಲ್ಲಿ ಒಮ್ಮೆ ಜೋರು ಮಾಡಿ."

ಜೋರು ಮಾಡುವುದು ನನಗೆ ಯಾವ ಭಾಷೆಯಲ್ಲೂ ಬರುವುದಿಲ್ಲ. ಆದರೂ ಸೆರಗು ಸರಿಪಡಿಸಿಕೊಂಡು, ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಳ್ಳುತ್ತ ಹೋದೆ. ಕಂಟ್ರಾಕ್ಟರಿನ ಮೇಸ್ತ್ರಿ ಸೌಮ್ಯ ಮನುಷ್ಯ. "ಅಮ್ಮ, ನಮ್ಮ ಪ್ಲಾನಿನಲ್ಲಿ ಮರ ಇಲ್ಲ," ಎಂದ. ಇಲ್ಲದಿದ್ದರೇನಂತೆ, ನೆಲದ ಮೇಲೆ ಇದೆಯಲ್ಲ ಎಂದು ನಾನು. "ಅದು ನಮಗೆ ಗೊತ್ತಾಗುದಿಲ್ಲ ಅಮ್ಮ. ನೋಡಿ, ನಿಮ್ಮ ಬಡಾವಣೆಯವರೇ ಬರೆದು ಕೊಟ್ಟದ್ದು," ಎಂದು ಫೈಲಿನಿಂದ ಒಂದು ಕಾಗದದ ನೆರಳಚ್ಚು ತೆಗೆದು ತೋರಿಸಿದ.

ನಾನು ಓದಬೇಕಾಗಿರಲಿಲ್ಲ. ಓದಿದವರು ಕಮಲಕ್ಕ. ನಾಲ್ಕನೆಯ ಇಯತ್ತೆಯ ತನಕ ಹೋದವರು, ಅಕ್ಷರ ಕೂಡಿಸಿ ಓದುತ್ತಾರೆ. ಕಾಗದವನ್ನು ದೂರ ಹಿಡಿದು, ಬೆರಳಿಟ್ಟು, ಮಗುವಿನಂತೆ ಗಟ್ಟಿಯಾಗಿ ಓದಿದರು: "ಖಾ... ಲಿ... ಜಾ... ಗ." ತಲೆಯೆತ್ತಿ ಮರವನ್ನು ನೋಡಿದರು. ಆಮೇಲೆ ಕೆಳಗೆ, ಎಲ್ಲರ ಹೆಸರಿನ ಮೊದಲು ಅದೇ ಅಕ್ಷರದಲ್ಲಿದ್ದ ನನ್ನ ಸಹಿ ನೋಡಿದರು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ಅಳುವುದಕ್ಕಾದರೂ ಒಂದು ನೆಪವಾಗುತ್ತಿತ್ತು.

"ಅಕ್ಷರ ಚಂದ ಉಂಟು ಬಾಯಿ," ಎಂದರು. ಬುಟ್ಟಿ ಎತ್ತಿಕೊಂಡು ಇಳಿಜಾರಿನಲ್ಲಿ ಇಳಿದು ಹೋದರು.

ಮಧ್ಯಾಹ್ನದ ಗಂಜಿ ಊಟದ ಹೊತ್ತಿಗೆ ನನ್ನ ಅರ್ಜಿ ಸತ್ಯವಾಗಿತ್ತು.

ಆ ಶನಿವಾರ ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿದೆ. ಸುಳ್ಳು ಹೇಳಿದ್ದೇನೆ ಸ್ವಾಮಿ ಎಂದೆ. ಯಾರಿಗೆ ಎಂದು ಕೇಳಿದರು. ಸರಕಾರಕ್ಕೆ ಎಂದೆ. ಪಾದ್ರಿಗಳು ಜಾಲರಿಯ ಆಚೆಯಿಂದ ಬಹಳ ಸಣ್ಣ ಪ್ರಾಯಶ್ಚಿತ್ತ ಕೊಟ್ಟರು. ಇಡೀ ಊರು ದಿನವೂ ಮಾಡುವ ಪಾಪಕ್ಕೆ ದೊಡ್ಡ ಪ್ರಾಯಶ್ಚಿತ್ತ ಕೊಡುತ್ತ ಹೋದರೆ ಪೂಜೆಗೆ ಸಮಯವೆಲ್ಲಿ? ಮರದ ವಿಷಯ ನಾನು ಹೇಳಲಿಲ್ಲ. ಕಮಲಕ್ಕನ ವಿಷಯವನ್ನೂ ಹೇಳಲಿಲ್ಲ. ಅಲ್ಲಿಯೂ ಒಂದು ಅಂಕಣವನ್ನು ಖಾಲಿ ಬಿಟ್ಟು ಎದ್ದು ಬಂದೆ.

ಪಾರ್ಕಿನ ಉದ್ಘಾಟನೆಯ ದಿನ ಕುಂಡದಲ್ಲಿ ಒಂದು ಸಸಿ ನೆಟ್ಟು ಫೋಟೋ ತೆಗೆದುಕೊಂಡರು. ಕುಂಡ ಬಾಡಿಗೆಯದು, ಸಂಜೆ ವಾಪಸಾಯಿತು. ಸಸಿಗಳಿಗೆ ಬೇರೆ ಹೆಡ್ ಇದೆಯಂತೆ. ತೋಡು ಹೇಗಿತ್ತೋ ಹಾಗೆಯೇ ಇದೆ. ಅಲ್ಲ, ಒಂದಿಷ್ಟು ಅಭಿವೃದ್ಧಿಯಾಗಿದೆ. ಮರದ ಬುಡದ ಮಣ್ಣು ಮೊದಲು ಕುಡಿಯುತ್ತಿದ್ದ ನೀರೂ ಈಗ ಇಂಟರ್‌ಲಾಕಿನ ಮೇಲಿಂದ ಜಾರಿ ಕೆಳಗಿನ ಓಣಿಗೇ ಹೋಗುತ್ತದೆ. ಕಳೆದ ಮಳೆಗಾಲದಲ್ಲಿ ಕಮಲಕ್ಕನ ಅಕ್ಕಿಡಬ್ಬಿ ತೇಲಿತು. ಈಗ ಅವರು ಬೆಳಗ್ಗಿನ ಮೊದಲ ಬಸ್ಸು ಹಿಡಿದು, ಇನ್ನೊಂದು ಬಸ್ಸಿಗೆ ಬದಲಾಯಿಸಿ, ಬೋಳಾರದ ಹೊಳೆಬದಿಯಲ್ಲಿ ಯಾರದೋ ಹಿತ್ತಿಲಿನ ರೆಂಜೆಯಡಿ ಹೆಕ್ಕುತ್ತಾರೆ. ಹೆಕ್ಕಿದ್ದರಲ್ಲಿ ಅರ್ಧ ಹಿತ್ತಿಲಿನವರಿಗೆ. ನಮ್ಮ ಗೇಟಿನ ಕೊಕ್ಕೆ ಶುಕ್ರವಾರವೂ ಬರಿದಾಗಿಯೇ ಇರುತ್ತದೆ. ಸೀರೆಯ ನಡುವಿನ ಹಳೆಯ ಸರಗಳು ಮಾತ್ರ ಇನ್ನೂ ಪರಿಮಳಿಸುತ್ತವೆ. ಈಚೆಗೆ ನಾನು ಆ ಕಪಾಟನ್ನು ಹೆಚ್ಚು ತೆರೆಯುವುದಿಲ್ಲ.

ಮೊನ್ನೆ ಜಯರಾಮಣ್ಣ ಮತ್ತೊಂದು ನಮೂನೆ ಹಿಡಿದು ಬಂದರು. ಪಾರ್ಕಿನಲ್ಲಿ ಬಿಸಿಲು, ಯಾರೂ ಕೂರುವುದಿಲ್ಲವೆಂದು ದೂರು ಹೋಗಿದೆ. ತಗಡಿನ ಶೆಡ್ಡಿಗೆ ಅನುದಾನವಿದೆ. "ನೆರಳಿಗೆ ಫಂಡ್ ಉಂಟಂತೆ ಬಾಯಿ," ಎಂದರು, ತಮಗೇ ನಗು ಬಂದಂತೆ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ತೋಡಿಗೆ ಈ ವರ್ಷವೂ ಇಲ್ಲವಂತೆ. ನೀವೇ ಬರೆಯಿರಿ. ನಿಮ್ಮ ಅಕ್ಷರದ್ದು ಬೇಗ ಪಾಸಾಗ್ತದೆ."

ಬರೆಯುವುದಿಲ್ಲವೆಂದು ಹೇಳಬೇಕಾಗಿತ್ತು. ಹೇಳಲಿಲ್ಲ, ನಮೂನೆ ತೆಗೆದುಕೊಂಡೆ. ಮರುದಿನ ಹತ್ತು ಗಂಟೆಗೆ ಅದನ್ನು ಹಿಡಿದುಕೊಂಡು ಪಾರ್ಕಿಗೆ ಹೋದರೆ, ಅಲ್ಲಿ ಕಮಲಕ್ಕ. ಗ್ರಾನೈಟ್ ಬೆಂಚಿನ ಮೇಲೆ, ಚಿನ್ನದ ಬಣ್ಣದ ಅಷ್ಟೂ ಹೆಸರುಗಳ ಮುಂದೆ, ಸಾಲಾಗಿ ಹಲಸಿನ ಹಪ್ಪಳ ಒಣಹಾಕಿದ್ದರು. ಎರಡು ವರ್ಷಗಳಲ್ಲಿ ಆ ಬೆಂಚು ಯಾರಿಗಾದರೂ ಉಪಯೋಗಕ್ಕೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಒಳ್ಳೆ ಕಾಯ್ತದೆ ಬಾಯಿ. ಒಂದೇ ದಿನದಲ್ಲಿ ಗರಿಗರಿ," ಎಂದರು. ನನ್ನ ಕೈಯ ಕಾಗದ ನೋಡಿ, "ಈಗ ಎಂತದ್ದು?" ಎಂದು ಕೇಳಿದರು. ಹೇಳಿದೆ. ಹಪ್ಪಳ ಮಗುಚುತ್ತಿದ್ದ ಕೈ ನಿಲ್ಲಲಿಲ್ಲ.

"ಈಗಿನ ಸ್ಥಿತಿ ಅಂತ ಒಂದು ಉಂಟು ಕಮಲಕ್ಕ. ಎಂತ ಬರೆಯುದು?"

"ಖಾಲಿ ಜಾಗ ಅಂತ ಬರೆಯಿರಿ," ಎಂದರು. "ಈ ಸಲ ಸುಳ್ಳಲ್ಲವಲ್ಲ."

ಬೆಂಚಿನ ತುದಿಯಿಂದ ನಾಲ್ಕು ಹಪ್ಪಳ ಸರಿಸಿ ನನಗೆ ಜಾಗ ಮಾಡಿಕೊಟ್ಟರು. ಕುಳಿತೆ. ಸೀರೆಯ ಮೂಲಕ ಕಲ್ಲು ಸುಟ್ಟಿತು, ಏಳಲಿಲ್ಲ. ಕಾಗದವನ್ನು ತೊಡೆಯ ಮೇಲಿಟ್ಟು ಅವರು ಹೇಳಿದ್ದನ್ನೇ ಅಂಕಣದಲ್ಲಿ ಬರೆದೆ. ಅಕ್ಷರ ಎಂದಿನಂತೆ ಚೆಂದವೇ ಬಂತು.