ಕ್ಯಾಸೆಟ್ಟಿನ ಕೊನೆಯ ಐದು ನಿಮಿಷ

ಗಣಿತದ ಮಾಸ್ತರ ನಾನು. ಎಣಿಕೆ ತಪ್ಪಿದರೆ ಸಿಟ್ಟು ನೆತ್ತಿಗೇರುತ್ತದೆ. ಆದರೆ ಬೇಕೆಂದೇ ನನ್ನ ಎಣಿಕೆ ತಪ್ಪಿಸಿದ ನಾಲ್ಕು ಮಂದಿ ಪೋರರನ್ನು, ಅವರ ಮುಖವನ್ನೇ ನೋಡದೆ, ಇಷ್ಟು ವರ್ಷ ಪ್ರೀತಿಸುತ್ತ ಬಂದಿದ್ದೇನೆ. ಯಾವುದೋ ದೂರದೇಶದ ರಾಕ್ ಬ್ಯಾಂಡಿನವರು. ಹೆಸರು ಹೇಳಿದರೆ ನನ್ನ ಉಚ್ಚಾರಕ್ಕೆ ನೀವು ನಗುತ್ತೀರಿ, ಬೇಡ ಬಿಡಿ.

ತೊಂಬತ್ತರ ದಶಕದ ಕೊನೆಯ ಮಾತು. ಶಹಾಬಾದಿನ ಮನೆಯಿಂದ ಚಿತ್ತಾಪುರದ ಶಾಲೆಗೆ ದಿನಾ ರೈಲಿನಲ್ಲಿ ಓಡಾಟ, ವಾಡಿಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಸ್ಟೇಷನ್ ಎದುರಿಗೆ ಕ್ಯಾಸೆಟ್ ತುಂಬಿಕೊಡುವ ಒಂದು ಅಂಗಡಿಯಿತ್ತು. ಹೊಸ ಕ್ಯಾಸೆಟ್ ಯಾರು ಕೊಳ್ಳುತ್ತಾರೆ? ಮನೆಯ ಹಳೆಯದನ್ನೇ ಒಯ್ದು ಕೊಟ್ಟರೆ ಅದರ ಮೇಲೆಯೇ ಹೊಸ ಹಾಡು ತುಂಬಿಸುವುದು ನಮ್ಮ ಕಡೆಯ ರಿವಾಜು. ಅಂಗಡಿಯ ಇಸ್ಮಾಯಿಲ್ ಭಾಯಿ ಒಂದು ದಿನ, "ಹೈದರಾಬಾದಿಂದ ಹೊಸಾ ಮಾಲ್ ಬಂದದ ಮಾಸ್ತರ. ಒಮ್ಮೆ ಕೇಳ್ರಿ, ತಲಿ ತಿರಗ್ತದ," ಅಂದ. ನಾನು ಮರುದಿನವೇ ಟ್ರಂಕಿನಿಂದ ಚೀಟಿಯಿಲ್ಲದ ಒಂದು ಕ್ಯಾಸೆಟ್ ಒಯ್ದುಕೊಟ್ಟೆ.

ತಲೆ ತಿರುಗಿದ್ದು ಖರೆ. ಮೊದಲ ಹಾಡೇ ಹದಿನೆಂಟು ನಿಮಿಷ. ವಾಡಿ ಬಿಟ್ಟಾಗ ಕಿವಿಗೆ ವಾಕ್‌ಮನ್ ಹಚ್ಚಿದರೆ ಚಿತ್ತಾಪುರ ಹತ್ತಿರಾದರೂ ಹಾಡುವ ಪುಣ್ಯಾತ್ಮ ಬಾಯಿ ತೆರೆದಿರುವುದಿಲ್ಲ. ಡ್ರಮ್ಮಿನವನು ಏಳು ಎಣಿಸುತ್ತಾನೆ, ಗಿಟಾರಿನವನು ಐದು. ಅವರಿಬ್ಬರ ನಡುವೆ ಜಗಳವೇ ಇರಬೇಕು ಅಂದುಕೊಂಡೆ. ಬೆರಳಗೆಣ್ಣಿನ ಮೇಲೆ ಎಣಿಸುತ್ತ ಹೋದರೆ, ಮೂವತ್ತೈದಾದ ಮೇಲೆ ಇಬ್ಬರೂ ಒಂದೇ ಪೆಟ್ಟಿಗೆ ಬಂದು ಕೂಡಿದರು! ಲ.ಸಾ.ಅ.! ಅದನ್ನು ಹುಡುಗರಿಗೆ ಕಲಿಸುವಾಗ ನನಗೆ ಎಂದೂ ಮೈ ಜುಮ್ಮೆಂದಿರಲಿಲ್ಲ. ಎದುರಿಗೆ ಕೂತ ಮಳಖೇಡದ ಮುದುಕಪ್ಪ, "ಜಪಾ ಮಾಡ್ಲಿಕತ್ತೀರೇನ್ರಿ?" ಎಂದು ಭಕ್ತಿಯಿಂದ ಕೇಳಿದರು. ಹೌದೆಂದು ತಲೆಯಾಡಿಸಿದೆ. ಪೂರಾ ಸುಳ್ಳೂ ಅಲ್ಲ.

ಕೊನೆಯ ಹಾಡು ಎಲ್ಲಕ್ಕಿಂತ ಸೊಗಸು. ಅಷ್ಟೊತ್ತು ಕುಣಿದ ವಾದ್ಯಗಳು ಒಂದೊಂದೇ ಸುಮ್ಮನಾಗಿ, ಕಡೆಗೆ ಕೀಬೋರ್ಡಿನ ಒಂದೇ ಸ್ವರ ಉಳಿದು, ಅದೂ ಕರಗುತ್ತದೆ. ಆಮೇಲೆ ಮೌನ. ಮೌನದೊಳಗಿಂದ ಹೆಣ್ಣುದನಿಯೊಂದು ದಾಸರ ಪದದ ನಡುವಿನ ನುಡಿ ಎತ್ತಿಕೊಂಡಿತು. ಅಬ್ಬಾ, ಎಂಥ ಧೈರ್ಯ ಈ ಹುಡುಗರದು ಎಂದು ಬೆರಗಾದೆ. ಆಗ ಆ ದನಿಯ ಹಿಂದೆ ಕುಕ್ಕರಿನ ಸೀಟಿ ಕೇಳಿತು. ನಮ್ಮವ್ವ ಕೆಮ್ಮಿದಳು.

ಅದು ನಮ್ಮ ಅಕ್ಕನ ದನಿ. ಅವಳ ಮದುವೆಗೆ ಎಂಟು ದಿನ ಮೊದಲು ಅಪ್ಪ ಅವಳಿಂದ ಒಂದು ತಾಸು ಹಾಡಿಸಿ ತುಂಬಿಟ್ಟ ಕ್ಯಾಸೆಟ್ಟು. ಮನೆಯ ಮಗಳ ದನಿಗೆ ಹೆಸರ್‍ಯಾಕೆ ಬೇಕೆಂದು ಚೀಟಿ ಹಚ್ಚಿರಲಿಲ್ಲ. ಬ್ಯಾಂಡಿನವರು ಐವತ್ತೈದು ನಿಮಿಷಕ್ಕೇ ಮುಗಿಸಿದ್ದರಿಂದ ಅಕ್ಕ ಐದು ನಿಮಿಷ ಉಳಿದಿದ್ದಳು. ಅವಳು ಚಿಂಚೋಳಿಗೆ ಸೊಸೆಯಾಗಿ ಹೋದ ಮೇಲೆ ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ವರ್ಷಗಟ್ಟಲೆ ಈ ಪಾಪ ಬಚ್ಚಿಟ್ಟೆ. ಮುಂದೆ ಅದೇ ಆಲ್ಬಮ್ಮಿನ ಸಿಡಿ ಕೊಂಡೆ. ತಂತಿ ಮೀಟಿದ ಉಗುರೂ ಕೇಳುವಷ್ಟು ಸ್ವಚ್ಛ. ಆದರೆ ಕೊನೆಯ ಸ್ವರ ಕರಗಿದ ಮೇಲೆ ಮೌನ, ಬರೀ ಮೌನ. ನನ್ನ ಜೀವ ಅಕ್ಕನಿಗಾಗಿ ಕಾಯುತ್ತ ಕೂಡುತ್ತಿತ್ತು. ಇಷ್ಟು ಚೆಂದದ ಸಂಗೀತ ಅವಳನ್ನು ಅಳಿಸಿಯೇ ನನಗೆ ಸಿಕ್ಕಬೇಕಾಗಿತ್ತೆ?

ಹೋದ ಪಂಚಮಿಗೆ ಅಕ್ಕ ತವರಿಗೆ ಬಂದಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. "ಹಚ್ಚು, ಕೇಳೋಣು," ಅಂದಳು. ಇಡೀ ಕ್ಯಾಸೆಟ್ ಕಣ್ಣುಮುಚ್ಚಿ ಕೇಳಿದಳು. "ಹುಡುಗ್ರು ಭಾಳ ಛಲೋ ಬಾರಸ್ತಾರೊ," ಅಂದಳು. ಆಮೇಲೆ ಅವಳದೇ ಇಪ್ಪತ್ತರ ದನಿ ಬಂತು.

"ತಪ್ಪಾತಕ್ಕಾ. ನಿನ್ನ ಹಾಡು ಎಲ್ಲಾ ಹೋದವು."

ಅಕ್ಕ ನನ್ನನ್ನೇ ನೋಡಿದಳು. "ಅಲ್ಲೊ, ನಾ ಇನ್ನಾ ಅದೀನಲ್ಲೊ! ವರ್ಷಾ ಪಂಚಮಿಗೆ ಬರ್ತೀನಿ, ಉಂಡಿ ತಿಂದು ಹೋಗ್ತೀನಿ. ಒಮ್ಮ್ಯಾದ್ರೂ 'ಅಕ್ಕಾ, ಒಂದು ಹಾಡು ಅನ್ನು' ಅಂತ ಕೇಳೀಯೇನು?"

ಎಷ್ಟು ಎಣಿಸಿದರೂ ಒಮ್ಮೆಯೂ ಇಲ್ಲ. ಈಗ ಕೇಳಿದೆ.

"ಮೊದ್ಲ ಆ ಟೇಪು ಬಂದ್ ಮಾಡು," ಅಂದಳು.