ತೋಳಿನ ಮೇಲಿನ ಚೇಳು

ಪುಟ್ಟಿ, ಚಿನ್ನು, ನನ್ನ ಎಡತೋಳಿನ ಚೇಳಿನ ಹಚ್ಚೆಯನ್ನು ಮುಟ್ಟಿ ಮುಟ್ಟಿ ನೋಡುತ್ತೀರಲ್ಲ, ಅದು ಒಂದು ಸಲ ಅಳಿಸಿಹೋಗುವುದರಲ್ಲಿತ್ತು. ಆ ಕಥೆಯನ್ನು ನಿಮಗಾಗಿ ಬರೆದಿಡುತ್ತಿದ್ದೇನೆ.

ಆಗ ನಾವು ಲಿಂಗರಾಜಪುರದಲ್ಲಿದ್ದೆವು. ನಿಮ್ಮ ತಾತ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಹಾಕಿಸಿಕೊಂಡ ಹಚ್ಚೆ, ಬೆಂಗಳೂರಿಗೆ ಬಂದಮೇಲೆ ನನಗೆ ನಾಚಿಕೆ ತರುತ್ತಿತ್ತು. ಬಸ್ಸಿನಲ್ಲೂ ಸೆರಗೆಳೆದು ಮುಚ್ಚಿಕೊಳ್ಳುತ್ತಿದ್ದೆ. ಅದನ್ನು ನೋಡಿ ನೋಡಿ, ಆಗ ತಾನೇ ಕೆಲಸಕ್ಕೆ ಸೇರಿದ್ದ ನಿಮ್ಮಮ್ಮ ಇಂದಿರಾನಗರದ ಚರ್ಮದ ಡಾಕ್ಟರ ಹತ್ತಿರ ಲೇಸರ್ ಮಾಡಿಸಿ ತೆಗೆಸಲು ದಿನ ಗೊತ್ತು ಮಾಡಿ ಬಂದಳು. ಪ್ರೀತಿಯಿಂದಲೇ ಮಾಡಿದ್ದು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸತ್ತಮೇಲೆ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ನನ್ನವ್ವ ಹೇಳುತ್ತಿದ್ದಳು. ಅಳಿಸಿಕೊಂಡು ಹೋದರೆ ಅಲ್ಲಿ ಅವ್ವ, ನಿಮ್ಮ ತಾತ ನನ್ನ ಗುರುತು ಹಿಡಿಯುವುದು ಹೇಗೆ? ಓದಿದ ಮಗಳಿಗೆ ಇದನ್ನು ಹೇಳುವುದಾದರೂ ಹೇಗೆ?

ಮಹಡಿಯ ಮನೆಯಲ್ಲಿ ಫಿಲಿಪ್ಪೀನ್ಸ್ ದೇಶದ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಪಾದ್ರಿಗಳ ಕಾಲೇಜಿನಲ್ಲಿ ಓದುತ್ತಾ, ಅಂಗಡಿಗಳಲ್ಲಿ ಕನ್ನಡ ಕಲಿತಿದ್ದಳು. ಆ ದಿನಗಳಲ್ಲೇ ಒಮ್ಮೆ ನಾನು ಬಟ್ಟೆ ಒಗೆಯುವಾಗ ತೋಳಿನ ಹಚ್ಚೆ ಕಂಡು ಕೈಯನ್ನೇ ಹಿಡಿದುಕೊಂಡಳು.

"ನಮ್ಮಜ್ಜಿ ತೋಳಲ್ಲಿ ಜರಿಹುಳದ ಹಚ್ಚೆ ಇತ್ತು ಆಂಟಿ, ನಿಮ್ದು ಚೇಳು. ಎರಡೂ ಕಚ್ತವೆ" ಎಂದು ನಕ್ಕಳು.

ಅವಳದು ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಗದ್ದೆ ಮಾಡಿ ಭತ್ತ ಬೆಳೆಯುವ ಜನ. ಮುನ್ನೂರು ವರ್ಷ ಕೆಳನಾಡನ್ನು ಆಳಿದ ಸ್ಪೇನಿನವರಿಗೆ ಆ ಬೆಟ್ಟ ಪೂರ್ತಿ ದಕ್ಕಲಿಲ್ಲವಂತೆ. ಆಮೇಲೆ ಅಮೆರಿಕದವರು ಬಂದು ಶಾಲೆ ತೆರೆದರು. ಮುಳ್ಳಿಗೆ ಮಸಿ ಹಚ್ಚಿ, ಕೋಲಿನಿಂದ ತಟ್ಟಿ ಹಾಕುತ್ತಿದ್ದ ಹಚ್ಚೆ ಅಲ್ಲಿಯವರೆಗೆ ಹೆಣ್ಣಿಗೆ ಒಡವೆಯಂತಿತ್ತು. ಶಾಲೆ, ಚರ್ಚು ಬಂದಮೇಲೆ ಅದು ಕಾಡುಜನರ ಗುರುತಾಯಿತು. ಪೇಟೆಗೆ ಇಳಿಯುವಾಗಲೆಲ್ಲ ಅವಳಜ್ಜಿ ಉದ್ದ ತೋಳಿನ ಅಂಗಿ ತೊಡುತ್ತಿದ್ದಳಂತೆ. ತೀರಿಕೊಂಡಾಗಲೂ ಮನೆಯವರು ಅದನ್ನೇ ತೊಡಿಸಿ ಮಲಗಿಸಿದ್ದರು.

"ನಾನೇ ಹೋಗಿ ಅಂಗಿ ತೋಳು ಮೇಲಕ್ಕೆ ಮಡಚಿದೆ ಆಂಟಿ. ಅಲ್ಲಿ ಹಿರಿಯರು ಗುರುತು ಹಿಡೀಬೇಕಲ್ಲ?"

ನೆನೆದ ಬಟ್ಟೆ ಕೈಯಲ್ಲೇ ಉಳಿಯಿತು. ಅದು ನನ್ನವ್ವನ ಮಾತೇ ಆಗಿತ್ತು.

ಅಂದು ಸಂಜೆ ನಿಮ್ಮಮ್ಮ ಕೆಲಸದಿಂದ ಬಂದಾಗ ನಾನೇ ಮಾತು ತೆಗೆದೆ. ಡಾಕ್ಟರ ಹತ್ತಿರ ಬರುವುದಿಲ್ಲ ಎಂದೆ.

"ಮತ್ಯಾಕಮ್ಮ ಇಷ್ಟು ವರ್ಷ ಮುಚ್ಕೊಂಡಿದ್ದೆ?"

"ನಾಚಿಕೆ ಕಣೇ. ನಾಚಿಕೆ ಅಂದ್ರೆ ಬೇಡ ಅಂತಲ್ಲ."

ಸಿಟ್ಟಾದಳೇನೋ ಎಂದುಕೊಂಡೆ. ಅವಳು ಎದ್ದು ಹೋಗಿ ಡಾಕ್ಟರಿಗೆ ಫೋನ್ ಮಾಡಿ ಬೇಡವೆಂದು ಹೇಳಿ, ಬಂದು ನನ್ನ ಪಕ್ಕ ಕೂತಳು.

ಆದರೂ ಒಂದು ಭಯ ಬಿಟ್ಟಿಲ್ಲ. ನಾನು ಹೋದ ದಿನ ಗಲಾಟೆಯಲ್ಲಿ ಯಾರಾದರೂ ತೋಳು ಮುಚ್ಚುವಂತೆ ಬಟ್ಟೆ ಹೊದಿಸಿಬಿಟ್ಟಾರು. ನೀವು ನೆನಪಿಟ್ಟು ಸರಿಸಬೇಕು. ಚೇಳು ನನ್ನ ಜೊತೆ ಬರುತ್ತದೆ, ನಿಮ್ಮ ಹತ್ತಿರ ಉಳಿಯುವುದು ಈ ಹಾಳೆಗಳು ಮಾತ್ರ. ಕಳೆಯಬೇಡಿ ಮಕ್ಕಳೇ, ಜೋಪಾನವಾಗಿಡಿ.