ಬರಡಿಗೂ ಒಂದು ತುತ್ತು

ಲಾಕ್‌ಡೌನ್‌ನ ಬೇಸರಕ್ಕೆ ನಾನೂ ಮಗಳೂ ನಾವಿರುವ ಪರದೇಶದ ಊರು ಲೈಡನ್‌ನಿಂದ ಸೈಕಲ್ ತುಳಿದು ಕಡಲ ದಂಡೆಯ ಮರಳುದಿಬ್ಬಕ್ಕೆ ಬಂದಿದ್ದೆವು. ಒಣ ಮರಳಲ್ಲಿ ಹಳದಿ ಹೂವು! ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದೆ. ಶೇಂಗಾ ಚಟ್ನಿಯ ವಾಸನೆ ಬಂದದ್ದೇ ತಡ, ನಾನು ಅಲ್ಲಿರಲಿಲ್ಲ.

ನಮ್ಮೂರಾಚೆ ಏನೂ ಬೆಳೆಯದ ಕಲ್ಲುಬಯಲೊಂದಿತ್ತು. ಮಳೆ ಬಿದ್ದರೆ ಮಾತ್ರ ತಂಗಡಿ ಗಿಡಗಳು ಹೂ ಬಿಟ್ಟು ಹಳದಿಯಾಗುತ್ತಿತ್ತು. ಆಗ ಅಜ್ಜಿ ಬಿಳಿ ಬಟ್ಟೆಯಲ್ಲಿ ಸಜ್ಜೆ ರೊಟ್ಟಿ ಕಟ್ಟಿಕೊಂಡು ನಮ್ಮನ್ನು ಹೂ ನೋಡಲು ಕರೆದೊಯ್ಯುತ್ತಿದ್ದಳು. ರೊಟ್ಟಿ ಬಾಯಿಗಿಡಲು ಹೋದರೆ ಕೈ ಹಿಡಿಯುತ್ತಿದ್ದಳು.

"ತಡೀಯವ್ವಾ, ಮೊದಲ ಭೂಮಿತಾಯಿ ಉಣ್ಣಲಿ."

ಎಳ್ಳಮಾಸಿ ಹಬ್ಬಕ್ಕೆ ಬೆಳೆ ನಿಂತ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲುವಂತೆ, ಒಂದು ತುಣುಕನ್ನು ಗಿಡಗಳತ್ತ ಚೆಲ್ಲುತ್ತಿದ್ದಳು.

"ಇದೇನ್ ನಮ್ಮ ಹೊಲಾನಾ?" ಎಂದರೆ, "ಬೆಳಿ ಕೊಟ್ರಷ್ಟ ತಾಯೇನು?" ಎಂದು ಗದರುತ್ತಿದ್ದಳು.

ಹೋದ ತಿಂಗಳು ಅಜ್ಜಿ, ನನ್ನ ಮಗಳ ದೊಡ್ಡಜ್ಜಿ, ತೀರಿಕೊಂಡಳು. ವಿಮಾನಗಳೆಲ್ಲ ನಿಂತಿದ್ದವು. ಅವಳ ಮಣ್ಣಿಗೆ ಹೋಗಲಾಗಲಿಲ್ಲ.

ಬಿಚ್ಚಿದ ಬುತ್ತಿಯಿಂದ ಒಂದು ಚೂರು ರೊಟ್ಟಿ ಮುರಿದು ಮರಳಿನ ಹೂವಿನತ್ತ ಚೆಲ್ಲಿದೆ.

"ಅಮ್ಮಾ, ಇಲ್ಲಿ ಬರ್ಡ್ಸೇ ಇಲ್ವಲ್ಲ. ಯಾರಿಗೆ?" ಅಂದಳು ಮಗಳು.

"ದೊಡ್ಡಜ್ಜಿಗೆ."

ಅವಳು ಬಾಯಿಯವರೆಗೆ ಒಯ್ದಿದ್ದ ತನ್ನ ರೊಟ್ಟಿಯನ್ನು ಕೆಳಗಿಳಿಸಿ, ಅರ್ಧ ಮುರಿದು ನನ್ನ ಕೈಗಿಟ್ಟಳು.

"ಅಷ್ಟೇ ಕೊಟ್ರೆ ಸಾಲಲ್ಲ ಅಮ್ಮಾ. ಅವ್ರಿಗೆ ಹಸಿವಾಗಿರತ್ತೆ."